ತೊಟ್ಟಿನ ಫೋಟೋ ಕಳಿಸಿ

ಬಿಳಿ ಬಣ್ಣ, ಕಹಳೆ ಆಕಾರ. ಈ ಎರಡೇ ಗುರುತು ಇಟ್ಟುಕೊಂಡು ಗಿಡದ ಹೆಸರು ಹುಡುಕಲು ಹೊರಟರೆ ಒಂದು ಬೀದಿ ದಾಟುವುದರೊಳಗೆ ಏಳೆಂಟು ಗಿಡ ಎದುರಾಗುತ್ತವೆ. ಉಮ್ಮತ್ತಿ, ಆಕಾಶಮಲ್ಲಿಗೆ, ಬಿಳಿ ಕಣಗಿಲೆ, ಕುಂಡದಲ್ಲಿ ಸಾಕಿದ ಈಸ್ಟರ್ ಲಿಲ್ಲಿ, ಸಂಜೆ ಬಿರಿಯುವ ಮೂನ್‌ಫ್ಲವರ್ ಬಳ್ಳಿ, ಚಪ್ಪರಕ್ಕೆ ಹಬ್ಬಿಸುವ ಬಿಳಿ ಥನ್ಬರ್ಜಿಯಾ, ದೊಡ್ಡ ಬಂಗಲೆಗಳ ಗೇಟಿನ ಮೇಲೆ ಬ್ಯೂಮಾಂಶಿಯಾ. ಇವುಗಳಲ್ಲಿ ಹೆಚ್ಚಿನವಕ್ಕೆ ಒಂದಕ್ಕೊಂದು ಸಂಬಂಧವಿಲ್ಲ. ಉದ್ದ ಹೀರುನಾಳದ ಪತಂಗವನ್ನು ಕತ್ತಲಲ್ಲಿ ಕರೆಯಬೇಕೆಂದರೆ ಬಿಳಿ ಬಣ್ಣ, ಉದ್ದ ಕೊಳವೆ, ಗಾಢ ಪರಿಮಳ ಇರಬೇಕು. ಬೇರೆ ಬೇರೆ ಕುಟುಂಬದ ಗಿಡಗಳು ಇದೇ ಉಪಾಯವನ್ನು ತಮ್ಮತಮ್ಮ ದಾರಿಯಲ್ಲಿ ಕಂಡುಕೊಂಡಿವೆ. ಹೀಗಾಗಿ ಹೂವಿನ ಆಕಾರ ನೋಡಿ ಗಿಡ ಗುರುತಿಸುತ್ತೇನೆ ಅನ್ನುವವರನ್ನು ನಾನು ಈಗ ಅಷ್ಟು ಸುಲಭವಾಗಿ ನಂಬುವುದಿಲ್ಲ.

ನಾನು ಓದಿದ್ದು ಗಣಿತ, ಕಲಿಸುವುದೂ ಗಣಿತವೇ. ಮಂಡ್ಯ ಕಡೆಯವಳು. ವರ್ಗಾವಣೆಯಾಗಿ ಮಡಿಕೇರಿಗೆ ಬಂದು ಹಳೆಯ ಹೆಂಚಿನ ಮನೆಯೊಂದನ್ನು ಬಾಡಿಗೆಗೆ ಹಿಡಿದೆವು. ಜೂನ್‌ನಲ್ಲಿ ಬಂದಾಗ ಬಚ್ಚಲ ಹಿಂದೆ, ನೀರು ಹರಿದುಹೋಗುವ ಕಡೆ, ಆಳೆತ್ತರಕ್ಕಿಂತ ಎತ್ತರದ ಪೊದೆಯೊಂದು ನಿಂತಿತ್ತು. ದೊಡ್ಡ ದೊಡ್ಡ ಎಲೆ, ಹುಳ ತಿಂದು ತೂತುತೂತು. ಹೂವಿರಲಿಲ್ಲ. ಮಡಿಕೇರಿ ಮಳೆಯಲ್ಲಿ ಹಿತ್ತಲಿಗೆ ಹೋಗಿ ಗಿಡ ನೋಡುವ ಉತ್ಸಾಹ ಯಾರಿಗೂ ಇರುವುದಿಲ್ಲ. ಗಣಪತಿ ಹಬ್ಬದ ಹೊತ್ತಿಗೆ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಒಂದು ಸಂಜೆ ಬಚ್ಚಲ ಕಿಟಕಿಯಿಂದ ತಲೆ ತಿರುಗಿಸುವಷ್ಟು ಗಾಢವಾದ ಸುವಾಸನೆ ಒಳಗೆ ಬಂತು. ಬೆಳಿಗ್ಗೆ ನೋಡಿದರೆ ಗಿಡದ ತುಂಬಾ ಹೂವು. ಒಂದೊಂದೂ ನನ್ನ ಅಂಗೈಗಿಂತ ಉದ್ದ, ಬಾಯಿ ಕೆಳಗೆ ಮಾಡಿ ಜೋತುಬಿದ್ದಿವೆ. ಹಗಲಲ್ಲಿ ವಾಸನೆಯೇ ಇಲ್ಲ. ಸೂರ್ಯ ಇಳಿದ ಮೇಲೆ ಮತ್ತೆ ಶುರು.

ಇದು ಏನು ಗಿಡ ಅಂತ ಕೇಳಿದ್ದಕ್ಕೆ ಒಬ್ಬೊಬ್ಬರು ಒಂದೊಂದು ಹೇಳಿದರು. ಆಗ ಊರಿಂದ ಬಂದಿದ್ದ ಅಮ್ಮ, ‘ಉಮ್ಮತ್ತಿ ಕಣವ್ವ, ಇಲ್ಲಿ ಮಳೆ ಜಾಸ್ತಿ, ಅದಕ್ಕೆ ಹಿಂಗೆ ಬೆಳೆದದೆ’ ಎಂದು ತೀರ್ಪು ಕೊಟ್ಟು, ಸೋಮವಾರ ಶಿವನಿಗೆ ಏರಿಸಲು ಎರಡು ಹೂವನ್ನು ಮನಸ್ಸಿನಲ್ಲೇ ಎತ್ತಿಟ್ಟುಕೊಂಡರು. ಪಕ್ಕದ ಮನೆಯ ಅಕ್ಕ ಗಂಟೆ ಹೂವು ಅಂದರು. ಅವರಿಗೆ ರಸ್ತೆ ಬದಿಯ ಹಳದಿ ಟೆಕೋಮವೂ ಗಂಟೆ ಹೂವೇ. ಮನೆ ಮಾಲೀಕರ ತಾಯಿ, ಎಂಬತ್ತು ದಾಟಿದ ಅಜ್ಜಿ, ‘ನಾನು ಮದುವೆಯಾಗಿ ಈ ಮನೆಗೆ ಬರುವಾಗಲೇ ಇತ್ತು. ನಮ್ಮ ಮಾವ ಯಾವುದೋ ಎಸ್ಟೇಟ್ ಬಂಗಲೆಯಿಂದ ಕೊಂಬೆ ತಂದು ಚುಚ್ಚಿದ್ದಂತೆ. ಹೆಸರೆಲ್ಲ ಯಾರು ಕೇಳಿದ್ರು?’ ಎಂದರು. ಆಗ ನನಗೆ ಹೊಳೆಯಲಿಲ್ಲ, ಆದರೆ ಆವತ್ತು ಕೇಳಿದ ಮಾತುಗಳಲ್ಲೆಲ್ಲ ಹೆಚ್ಚು ಮಾಹಿತಿ ಇದ್ದದ್ದು ಅಜ್ಜಿಯ ಮಾತಿನಲ್ಲೇ. ಬೀಜದಿಂದ ಹುಟ್ಟಿದ್ದಲ್ಲ, ಕೊಂಬೆ ಚುಚ್ಚಿ ಬೆಳೆಸಿದ್ದು. ಅರವತ್ತು ವರ್ಷದಿಂದ ಅದೇ ಜಾಗದಲ್ಲಿದೆ.

ಹೆಸರು ಗೊತ್ತಾಗದಿದ್ದರೆ ಏನಂತೆ, ಚೆಂದದ ಹೂವು ಅಂತ ಬಿಟ್ಟುಬಿಡಬಹುದಿತ್ತು. ಬಿಡಲಾಗದ ಕಾರಣ ಪಕ್ಕದ ಮನೆಯ ಹುಡುಗ. ಐದು ವರ್ಷದವನು. ನೆಲಕ್ಕೆ ಬಿದ್ದ ಹೂವನ್ನೆತ್ತಿ, ತೊಟ್ಟು ಕಿತ್ತು, ಸಣ್ಣ ತುದಿಯನ್ನು ಬಾಯಿಗಿಟ್ಟು ‘ಪೀಂ’ ಎಂದು ಊದುತ್ತಾ ಅಂಗಳದಲ್ಲಿ ಮೆರವಣಿಗೆ ಹೊರಟಿದ್ದ. ಉಮ್ಮತ್ತಿ ವಿಷ ಅನ್ನುವುದು ನನಗೂ ಗೊತ್ತು. ಇದು ಉಮ್ಮತ್ತಿಯೇ ಆಗಿದ್ದರೆ? ಉಮ್ಮತ್ತಿ ಅಲ್ಲದಿದ್ದರೆ ಮತ್ತೇನು? ಹೂವು ಕಸಿದುಕೊಂಡು ಬಾಯಿ ತೊಳೆಸಿದೆ. ಅವನಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ನಿದ್ದೆ ಬರಲಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಫೋನಿನಲ್ಲಿ ಗಿಡ ಗುರುತಿಸುವ ಆಪ್ ಇಳಿಸಿಕೊಂಡೆ. ಹೂವಿನ ಕೆಳಗೆ ಕೂತು, ಬಾಯಿಯೊಳಗೆ ಕ್ಯಾಮೆರಾ ತೂರಿಸಿ, ಬಿಳಿ ನಕ್ಷತ್ರದಂಥ ಸೊಗಸಾದ ಫೋಟೋ ತೆಗೆದೆ. ಆಪ್ ಲಿಲ್ಲಿ ಅಂತು, ಬ್ಯೂಮಾಂಶಿಯಾ ಅಂತು, ದತುರಾ ಅಂತು, ಬ್ರಗ್ಮಾನ್ಸಿಯಾ ಅಂತು, ಪ್ರತಿಯೊಂದರ ಮುಂದೆ ಒಂದು ಶೇಕಡಾವಾರು. ಪಕ್ಕದಿಂದ ಹೂವು, ಎಲೆ, ಕಾಂಡ ಎಲ್ಲ ಬರುವಂತೆ ಇನ್ನೊಂದು ಫೋಟೋ ಹಾಕಿದರೆ ಪಟ್ಟಿ ಬದಲಾಯಿತು, ಲಿಲ್ಲಿ ಮಾಯವಾಯಿತು. ಆಪ್ ಅನ್ನು ದೂರುವಂತಿಲ್ಲ. ನಾನು ತೋರಿಸಿದ್ದಷ್ಟನ್ನೇ ಅದು ನೋಡಿದ್ದು. ಆದರೆ ಶೇಕಡಾವಾರು ನೋಡಿ ಒಂದು ಹೆಸರು ಆರಿಸಿಕೊಂಡರೆ ಅದಕ್ಕೆ ಗುರುತಿಸುವುದು ಅನ್ನಲು ನನಗೆ ಮನಸ್ಸಾಗಲಿಲ್ಲ. ಉತ್ತರ ಬಂದಿದೆ, ಲೆಕ್ಕ ಮಾಡಿಲ್ಲ. ನಮ್ಮ ಕ್ಲಾಸಿನಲ್ಲಿ ಇದಕ್ಕೆ ಅಂಕ ಕೊಡುವುದಿಲ್ಲ.

ಪರಿಚಯದ ಸಹೋದ್ಯೋಗಿಯೊಬ್ಬರ ಮೂಲಕ ಕಾಲೇಜಿನ ಸಸ್ಯಶಾಸ್ತ್ರದ ಲೆಕ್ಚರರ್ ಒಬ್ಬರ ನಂಬರ್ ಸಿಕ್ಕಿತು. ನಾನು ಹೆಮ್ಮೆಯಿಂದ ಆ ನಕ್ಷತ್ರದ ಫೋಟೋ ಕಳಿಸಿದೆ. ಅವರು ಫೋನ್ ಮಾಡಿ, ‘ಮೇಡಂ, ಹೂವು ಚೆನ್ನಾಗಿದೆ. ಈಗ ತೊಟ್ಟಿನ ಫೋಟೋ ಕಳಿಸಿ, ಹೂವಿನ ಬುಡದಲ್ಲಿ ಹಸಿರು ಬಟ್ಟಲಿದೆಯಲ್ಲ, ಅದರದ್ದು. ಎಲೆ ಕೊಂಬೆಗೆ ಸೇರ್ಕೊಳ್ಳೋ ಜಾಗದ್ದು ಕಳಿಸಿ. ಕಾಯಿ ಇದ್ರೆ ಕಾಯಿದು. ಕೊಂಬೆ ಮುರಿದ್ರೆ ಹಾಲು ಬರುತ್ತಾ ನೋಡಿ. ಗ್ಲೌಸ್ ಹಾಕ್ಕೊಳ್ಳಿ, ಕಣ್ಣು ಮುಟ್ಕೋಬೇಡಿ’ ಎಂದರು. ಹೆಸರು ಅವರಿಗೆ ಆಗಲೇ ಗೊತ್ತಾಗಿತ್ತು ಅನ್ನಿಸುತ್ತದೆ, ಹೇಳಲಿಲ್ಲ. ‘ನೀವೇ ಕಂಡುಹಿಡೀರಿ, ಕೊನೆಗೆ ನಾನು ಸರಿಯಾ ಅಂತ ನೋಡ್ತೀನಿ’ ಎಂದು ಫೋನಿಟ್ಟರು. ಮೇಷ್ಟ್ರುಗಳು ಎಲ್ಲಿ ಹೋದರೂ ಮೇಷ್ಟ್ರುಗಳೇ.

ಹಾಗಾಗಿ ಕೂತು ಪಟ್ಟಿ ಮಾಡಿದೆ, ಒಂದೊಂದಾಗಿ ಹೊಡೆದುಹಾಕಿದೆ. ನನಗೆ ಇದು ಒಗ್ಗುವ ಕೆಲಸ.

ಮೊದಲು ಹೂವಿನೊಳಗಿನ ಕೇಸರ ಎಣಿಸಬೇಕು. ಲಿಲ್ಲಿಯಾದರೆ ಆರು ಇರುತ್ತವೆ, ಎಸಳುಗಳೂ ಆರು, ಎಲೆಯ ನರಗಳು ಉದ್ದುದ್ದಕ್ಕೆ ಒಂದರ ಪಕ್ಕ ಒಂದು ಓಡುತ್ತವೆ. ಆಕಾಶಮಲ್ಲಿಗೆ, ಥನ್ಬರ್ಜಿಯಾ ಇವಕ್ಕೆ ನಾಲ್ಕು. ನನ್ನ ಹೂವಿನಲ್ಲಿ ಐದು. ಹೀಗೆ ಮೂರು ಹೆಸರು ಒಂದೇ ಏಟಿಗೆ ಹೋದವು. ಉಳಿದ ಐದು ಕೇಸರದವುಗಳಲ್ಲಿ ಕಣಗಿಲೆ, ನಂದಿಬಟ್ಟಲು, ಬ್ಯೂಮಾಂಶಿಯಾ ಎಲ್ಲ ಒಂದೇ ಕುಟುಂಬದವು. ಬ್ಯೂಮಾಂಶಿಯಾ, ನಂದಿಬಟ್ಟಲಲ್ಲಿ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ, ಮುರಿದರೆ ಬಿಳಿ ಹಾಲು ಸುರಿಯುತ್ತದೆ. ಕಣಗಿಲೆಯಲ್ಲಿ ಕಿರಿದಾದ ಎಲೆ, ಒಂದೇ ಗಂಟಿನಲ್ಲಿ ಮೂರು ಮೂರು. ಹಳದಿ ಕಣಗಿಲೆ ಅನ್ನುತ್ತೇವಲ್ಲ, ಅದರಲ್ಲಿ ಬಿಳಿ ಹೂವಿನದೂ ಉಂಟು, ಅದರ ಎಲೆ ಒಂದಾದ ಮೇಲೊಂದು ಬರುತ್ತದೆ, ಆದರೆ ಬೆರಳಿನಗಲವೂ ಇಲ್ಲ, ಹಾಲಂತೂ ಇದ್ದೇ ಇದೆ. ನಮ್ಮ ಗಿಡದ ಕೊಂಬೆ ಮುರಿದೆ. ನೀರಿನಂಥ ರಸ ಜಿನುಗಿತು, ಹಾಲಿಲ್ಲ. ಎಲೆಗಳು ಒಂದು ಈ ಕಡೆ, ಒಂದು ಆ ಕಡೆ. ಒಂದೊಂದೂ ಒಂದು ಗೇಣಿಗಿಂತ ಉದ್ದ. ಆ ಕುಟುಂಬ ಪೂರ್ತಿ ಹೋಯಿತು. ಮೂನ್‌ಫ್ಲವರ್ ಸುತ್ತಿಕೊಂಡು ಹತ್ತುವ ಬಳ್ಳಿ, ಅದರ ಹೂವು ಸಂಜೆ ಅರಳಿ ಬೆಳಿಗ್ಗೆ ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಇಲ್ಲಿ ಹೂವು ದಿನಗಟ್ಟಲೆ ಹಾಗೇ ಇರುತ್ತದೆ. ಅದೂ ಹೋಯಿತು.

ಉಳಿದದ್ದು ಎರಡು: ಉಮ್ಮತ್ತಿಯ ಜಾತಿ ದತುರಾ, ಮತ್ತೆ ಆಪ್ ಹೇಳಿದ ಬ್ರಗ್ಮಾನ್ಸಿಯಾ. ಎರಡೂ ಬದನೆ ಕುಟುಂಬದವು. ಅದನ್ನೂ ನೋಡದೆ ಒಪ್ಪುವುದು ಬೇಡ ಅಂತ ಹಿತ್ತಲಿನ ಬದನೆ ಗಿಡದಿಂದ ಒಂದು ಹೂವು, ಟೊಮೆಟೊ ಗಿಡದಿಂದ ಒಂದು ಹೂವು ಕಿತ್ತು ತಂದು ಹಳೆಯ ಪೇಪರಿನ ಮೇಲೆ ಮೂರನ್ನೂ ಸಾಲಾಗಿ ಇಟ್ಟೆ. ಗಾತ್ರದಲ್ಲಿ ಅಜಗಜಾಂತರ, ಬಣ್ಣ ಬೇರೆ, ಕೊಳವೆಯ ಸುಳಿವೂ ಟೊಮೆಟೊದಲ್ಲಿ ಇಲ್ಲ. ಆದರೆ ಎಣಿಸಿದರೆ ಎಲ್ಲ ಐದೈದು. ದಳಗಳು ಬುಡದಲ್ಲಿ ಒಂದಕ್ಕೊಂದು ಬೆಸೆದಿವೆ, ಕೇಸರಗಳ ಕಡ್ಡಿ ದಳಗಳ ಒಳಮೈಗೆ ಅಂಟಿಕೊಂಡಿವೆ, ನಡುವೆ ಒಂದೇ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿ. ಬದನೆ ಹೂವಿನ ಹಸಿರು ತೊಟ್ಟು ಕಾಯಿಯಾದ ಮೇಲೂ ಕಾಯಿಯ ನೆತ್ತಿ ಬಿಡುವುದಿಲ್ಲ, ಸಾಂಬಾರಿಗೆ ಹೆಚ್ಚುವಾಗ ಅದನ್ನೇ ನಾವು ಕೊಯ್ದು ಬಿಸಾಡುವುದು. ನಮ್ಮ ಗಿಡದ ಎಲೆ ತಿಕ್ಕಿದರೆ ಬರುವ ಕಮಟು ವಾಸನೆಯೂ ಪರಿಚಿತವೇ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳ ಪಕ್ಕ ಬಸ್ಸಿನಲ್ಲಿ ಓಡಾಡಿದವರಿಗೆ ಆ ಕುಟುಂಬದ ಮೈವಾಸನೆ ಗೊತ್ತಿರುತ್ತದೆ. ಹೊಗೆಸೊಪ್ಪೂ ಬದನೆಯ ನೆಂಟನೇ.

ಇನ್ನು ಉಮ್ಮತ್ತಿಯೋ ಅಲ್ಲವೋ. ಇದಕ್ಕೆ ಉಮ್ಮತ್ತಿಯನ್ನೇ ಪಕ್ಕದಲ್ಲಿ ಇಟ್ಟು ನೋಡಬೇಕು, ಚಿತ್ರ ಸಾಲದು. ಮಡಿಕೇರಿಯ ಚಳಿ, ಕೆಸರಿನಲ್ಲಿ ನನ್ನ ಕಣ್ಣಿಗೆ ಅದು ಬೀಳಲಿಲ್ಲ. ಕುಶಾಲನಗರದ ಕಡೆ ಬಯಲು ಬಿಸಿಲಿದೆ. ಅಲ್ಲಿ ರಸ್ತೆ ಬದಿಯ ಕಸದ ದಿಬ್ಬದ ಮೇಲೆ ಸಿಕ್ಕಿತು. ಹೂವು, ಕಾಯಿ ಎರಡೂ ಇದ್ದ ಟೊಂಗೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಪಕ್ಕ ಕೂತಿದ್ದ ಹೆಂಗಸು ಕವರನ್ನೂ ನನ್ನನ್ನೂ ನೋಡಿ ಬೇರೆ ಸೀಟಿಗೆ ಹೋದರು.

ಎರಡನ್ನೂ ಒಟ್ಟಿಗೆ ಇಟ್ಟ ಮೇಲೆ ಅಮ್ಮನ ತೀರ್ಪು ನಿಲ್ಲಲಿಲ್ಲ. ಉಮ್ಮತ್ತಿಯ ಹೂವು ಆಕಾಶ ನೋಡುತ್ತದೆ, ಇದು ನೆಲ ನೋಡುತ್ತದೆ. ಉಮ್ಮತ್ತಿ ಮೆತ್ತನೆ ಕಾಂಡದ ಗಿಡ, ಒಂದೆರಡು ವರ್ಷ ಬಾಳಿದರೆ ಹೆಚ್ಚು. ಇದರ ಬುಡ ನನ್ನ ಮುಂಗೈಗಿಂತ ದಪ್ಪ, ತೊಗಟೆ ಬೂದು ಬಣ್ಣಕ್ಕೆ ತಿರುಗಿ ಸೀಳಿದೆ, ಅಜ್ಜಿಯ ಲೆಕ್ಕದಲ್ಲಿ ಅರವತ್ತು ವರ್ಷದ್ದು. ಉಮ್ಮತ್ತಿಯ ಕಾಯಿ ದುಂಡಗೆ, ಮೈಯೆಲ್ಲ ಮುಳ್ಳುಗಂಟು, ಅದರ ಬುಡದಲ್ಲಿ ಹಸಿರು ತೊಟ್ಟಿನ ಕೆಳಗಿನ ಭಾಗ ಮಾತ್ರ ಕಾಲರಿನ ಥರ ಉಳಿದಿರುತ್ತದೆ, ಮೇಲಿನ ಭಾಗ ಸುತ್ತಲೂ ಕತ್ತರಿಸಿದ ಹಾಗೆ ಹೂವಿನ ಜೊತೆ ಉದುರಿಹೋಗಿರುತ್ತದೆ. ಬ್ರಗ್ಮಾನ್ಸಿಯಾದ ಕಾಯಿಗೆ ಮುಳ್ಳಿಲ್ಲ. ಆದರೆ ನನ್ನ ಗಿಡದಲ್ಲಿ ಹೋಲಿಸಲು ಕಾಯಿಯೇ ಇಲ್ಲ. ಅಜ್ಜಿಯನ್ನು ಕೇಳಿದರೆ, ‘ಕಾಯಿಯಾ? ಇದುವರೆಗೆ ಒಂದೂ ಬಿಟ್ಟಿಲ್ಲಪ್ಪ’ ಎಂದರು.

ಕಾಯಿ ಇಲ್ಲದಿದ್ದರೆ ಕಾಯಿಯಾಗಬೇಕಾದದ್ದನ್ನು ನೋಡಬಹುದು ಎಂದು ಲೆಕ್ಚರರ್ ಮೇಡಂ ದಾರಿ ತೋರಿಸಿದರು. ಅಂಡಾಶಯವನ್ನು ಅಡ್ಡ ಕೊಯ್ಯಬೇಕು. ಹೂವಿನ ಬುಡದ ಹಸಿರು ಬಟ್ಟಲನ್ನು ಸೀಳಿ, ಕೊಳವೆಯನ್ನು ಬಿಡಿಸಿ ತೆಗೆದರೆ ತಳದಲ್ಲಿ ಬೆಂಕಿಕಡ್ಡಿಯ ತಲೆಗಿಂತ ಸ್ವಲ್ಪ ದೊಡ್ಡದಾದ ಹಸಿರು ಗಂಟು. ಹೊಸ ಬ್ಲೇಡಿನಲ್ಲಿ ಅಡ್ಡ ಕೊಯ್ದು, ಒಂದು ಹನಿ ನೀರು ಹಾಕಿ, ಫೋನಿನ ಕ್ಯಾಮೆರಾದ ಮುಂದೆ ಮಗಳ ಭೂತಗನ್ನಡಿ ಹಿಡಿದೆ. ನಡುವೆ ಒಂದೇ ಗೋಡೆ, ಎರಡು ಕೋಣೆ. ಪ್ರತಿ ಕೋಣೆಯೊಳಕ್ಕೆ ಉಬ್ಬಿದ ತಿರುಳು, ಅದರ ಮೈತುಂಬ ಬಿಳಿ ಚುಕ್ಕೆಗಳು, ಅಂದರೆ ಬೀಜವಾಗಲು ಕಾಯುತ್ತಿರುವ ಅಂಡಕಗಳು. ಉಮ್ಮತ್ತಿಯದ್ದನ್ನೂ ಹಾಗೇ ಕೊಯ್ದೆ. ಅದರಲ್ಲಿ ಇನ್ನೊಂದು ಹುಸಿ ಗೋಡೆ ಬೆಳೆದು ಕೋಣೆ ನಾಲ್ಕಾಗಿರುತ್ತದೆ. ಬುಡದ ಹತ್ತಿರ ಕೊಯ್ದರೆ ಕೂಡಿಸುವ ಚಿಹ್ನೆ ಬರೆದಷ್ಟು ಸ್ಪಷ್ಟ. ಎರಡೂ ಚೂರನ್ನು ಒಂದೇ ಗಾಜಿನ ಮೇಲಿಟ್ಟು ಮಗಳಿಗೆ ತೋರಿಸಿದೆ. ಅವಳೂ ಎಣಿಸಿದಳು. ಎರಡು, ನಾಲ್ಕು. ಇಡೀ ಹುಡುಕಾಟದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಘಳಿಗೆ ಇದು, ಯಾಕೆಂದರೆ ಇಲ್ಲಿಂದ ಮುಂದೆ ಯಾರ ಮಾತನ್ನೂ ನಂಬಿ ಒಪ್ಪಬೇಕಾಗಿರಲಿಲ್ಲ. ಗಿಡ ಬ್ರಗ್ಮಾನ್ಸಿಯಾ.

ಅಮ್ಮನ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ಉಮ್ಮತ್ತಿ ಅಂದದ್ದಕ್ಕೆ ದೊಡ್ಡವರ ಬೆಂಬಲ ಇದೆ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ 1753ರಲ್ಲಿ ಈ ಗುಂಪಿನ ಮರದಂಥ ಗಿಡವನ್ನು ದತುರಾದಲ್ಲೇ ಸೇರಿಸಿ ದತುರಾ ಆರ್ಬೋರಿಯಾ ಎಂದು ಕರೆದಿದ್ದ. ಪರ್ಸೂನ್ ಎಂಬ ಸಸ್ಯಶಾಸ್ತ್ರಜ್ಞ 1805ರಲ್ಲಿ ಇವನ್ನು ಬೇರೆ ಮಾಡಿ, ಹಾಲೆಂಡಿನ ವಿದ್ವಾಂಸ ಬ್ರಗ್ಮಾನ್ಸ್ ಅವರ ಹೆಸರಿಟ್ಟ. ಆಮೇಲೂ ಬಹಳ ಜನ ಒಪ್ಪದೆ ಮತ್ತೆ ದತುರಾಕ್ಕೇ ಸೇರಿಸಿದರು. ಟಾಮಿ ಲಾಕ್‌ವುಡ್ ಎಂಬ ಅಮೆರಿಕದ ಸಂಶೋಧಕ 1973ರಲ್ಲಿ ಪ್ರತ್ಯೇಕ ಜಾತಿ ಎಂದು ವಾದಿಸಿದ ಮೇಲೆಯೇ ಜಗಳ ಹೆಚ್ಚುಕಡಿಮೆ ತಣ್ಣಗಾದದ್ದು. ಹಳೆಯ ಪುಸ್ತಕಗಳಲ್ಲಿ ಇಂದಿಗೂ ದತುರಾ ಸುವಾವಿಯೋಲೆನ್ಸ್ ಎಂದು ಕಂಡರೆ ಅದೂ ಒಂದು ಬ್ರಗ್ಮಾನ್ಸಿಯಾವೇ, ಬೇರೆ ಗಿಡವಲ್ಲ. ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ, ‘ಹಂಗಾದ್ರೆ ನಾನು ಹೇಳಿದ್ದೇನು ಸುಳ್ಳಲ್ಲ ಬಿಡು’ ಎಂದರು.

ಜಾತಿ ಸಿಕ್ಕಿದರೂ ಪ್ರಭೇದ ಬಾಕಿ ಇತ್ತು. ಬ್ರಗ್ಮಾನ್ಸಿಯಾದಲ್ಲಿ ಏಳು ಪ್ರಭೇದ, ಅವುಗಳ ನಡುವೆ ಲೆಕ್ಕವಿಲ್ಲದಷ್ಟು ಮಿಶ್ರತಳಿ. ಬಿಳಿ ಹೂವಿನವು ಅಂದರೆ ನನ್ನ ಮುಂದೆ ಮುಖ್ಯವಾಗಿ ನಾಲ್ಕು ಹೆಸರು: ಆರ್ಬೋರಿಯಾ, ಸುವಾವಿಯೋಲೆನ್ಸ್, ವರ್ಸಿಕಲರ್, ಮತ್ತೆ ಕ್ಯಾಂಡಿಡಾ ಎಂಬ ಮಿಶ್ರತಳಿ. ವರ್ಸಿಕಲರ್‌ನ ಹೂವು ಬಿಳಿಯಾಗಿ ಅರಳಿ ಆಮೇಲೆ ಪೀಚ್ ಬಣ್ಣಕ್ಕೆ ತಿರುಗುತ್ತದೆ. ನಮ್ಮದರ ಒಂದು ಮೊಗ್ಗಿಗೆ ದಾರ ಕಟ್ಟಿ ಗಮನಿಸಿದೆ, ಅರಳಿದಾಗಲೂ ಬಿಳಿ, ಬಾಡುವಾಗ ಅಂಚು ಕಂದು, ಅಷ್ಟೇ. ಆರ್ಬೋರಿಯಾದ ಹೂವು ಚಿಕ್ಕದು, ಎಲೆಯಂಚು ಒರಟಾಗಿ ಹಲ್ಲುಹಲ್ಲು. ನಮ್ಮದರ ಎಲೆಯಂಚು ನಯ, ಹೂವನ್ನು ಸ್ಕೇಲಿಟ್ಟು ಅಳೆದರೆ 27 ಸೆಂಟಿಮೀಟರ್. ಸುವಾವಿಯೋಲೆನ್ಸ್ ಹೂವು ಸಾಮಾನ್ಯವಾಗಿ 24ರಿಂದ 32 ಸೆಂಟಿಮೀಟರ್.

ಕಷ್ಟವಾದದ್ದು ಸುವಾವಿಯೋಲೆನ್ಸ್, ಕ್ಯಾಂಡಿಡಾ ಇವೆರಡರ ನಡುವೆ. ಹೂವು ಓರೆಯಾಗಿ ಬಾಗಿದ್ದರೆ ಸುವಾವಿಯೋಲೆನ್ಸ್, ನೆಟ್ಟಗೆ ಕೆಳಕ್ಕೆ ತೂಗಿದರೆ ಕ್ಯಾಂಡಿಡಾ ಎಂದು ಓದಿದೆ. ನಮ್ಮ ಗಿಡಕ್ಕೆ ಈ ನಿಯಮ ಗೊತ್ತಿರಲಿಲ್ಲ. ಮಳೆ ಬಂದ ದಿನ ನೀರಿನ ಭಾರಕ್ಕೆ ಎಲ್ಲವೂ ನೆಟ್ಟಗೆ ತೂಗುತ್ತವೆ, ಬಿಸಿಲಿನ ದಿನ ಓರೆ. ಮಡಿಕೇರಿಯಲ್ಲಿ ಬಾಗು ಅಳೆಯುವುದು ಅಂದರೆ ಹವಾಮಾನ ಅಳೆಯುವುದೇ. ಅದನ್ನು ಕೈಬಿಟ್ಟು ಮೇಡಂ ಮೊದಲ ದಿನವೇ ಕೇಳಿದ್ದ ತೊಟ್ಟಿಗೆ ಬಂದೆ. ಕೊಳವೆಯ ಬುಡವನ್ನು ಹಿಡಿದಿರುವ ಹಸಿರು ಬಟ್ಟಲು, ಪುಸ್ತಕದ ಭಾಷೆಯಲ್ಲಿ ಪುಷ್ಪಪಾತ್ರೆ. ಕ್ಯಾಂಡಿಡಾದಲ್ಲಿ ಇದು ಒಂದೇ ಪಕ್ಕಕ್ಕೆ ಉದ್ದಕ್ಕೆ ಸೀಳಿ ತುದಿ ಚೂಪಾಗಿ ಒಂದೇ ಕಡೆ ನಿಲ್ಲುತ್ತದೆ. ಸುವಾವಿಯೋಲೆನ್ಸ್‌ನಲ್ಲಿ ಬಾಯಿಯ ಸುತ್ತ ಗಿಡ್ಡ ಹಲ್ಲುಗಳು, ಎರಡರಿಂದ ಐದು. ಗಿಡದ ಸುತ್ತ ಕೈಗೆಟುಕಿದ ಹೂವುಗಳನ್ನೆಲ್ಲ ನೋಡಿದೆ. ಒಂದರಲ್ಲೂ ಉದ್ದದ ಸೀಳಿಲ್ಲ, ಎಲ್ಲಕ್ಕೂ ಹಲ್ಲು.

ಇನ್ನೊಂದು ಪರೀಕ್ಷೆ ಹೂವಿನೊಳಗೆ. ಕೊಳವೆಯನ್ನು ಮೇಲಿಂದ ಕೆಳಗೆ ಕತ್ತರಿಯಿಂದ ಸೀಳಿ, ಬಟ್ಟೆಯಂತೆ ಬಿಚ್ಚಿ ಹಾಸಿದೆ. ಐದು ಕೇಸರಗಳ ತುದಿಯ ಪರಾಗಕೋಶಗಳು ಶಲಾಕೆಯ ಸುತ್ತ ಒಂದಕ್ಕೊಂದು ಅಂಟಿ ಒಂದೇ ಕಡ್ಡಿಯಾಗಿದ್ದವು. ಗುಂಡುಸೂಜಿಯಿಂದ ಮೆಲ್ಲಗೆ ಎಬ್ಬಿಸಿದರೆ ಬಿಟ್ಟುಬಂದವು, ತಾವಾಗಿ ಬಿಡಿಯಾಗಿರಲಿಲ್ಲ. ಹೀಗೆ ಅಂಟಿಕೊಂಡಿರುವುದು ಸುವಾವಿಯೋಲೆನ್ಸ್‌ನ ಗುರುತು. ಫೋಟೋ ಕಳಿಸಿದೆ. ‘ಸರಿ ಇದೆ. ಬ್ರಗ್ಮಾನ್ಸಿಯಾ ಸುವಾವಿಯೋಲೆನ್ಸ್. ಆದ್ರೆ ತೋಟದ ಗಿಡ, ಎಲ್ಲೋ ಹಿಂದೆ ಮಿಶ್ರಣ ಆಗಿರಬಹುದು, ಅದನ್ನ ನೆನಪಿಟ್ಕೊಳ್ಳಿ’ ಎಂದು ಉತ್ತರ ಬಂತು. ಪೇಪರಿನ ನಡುವೆ ಒತ್ತಿ ಒಣಗಿಸಿದ ಒಂದು ಟೊಂಗೆಯನ್ನೂ ಕೇಳಿದರು, ಕಳಿಸಿದೆ. ದಪ್ಪ ಹೂವು ಒಣಗುವುದರೊಳಗೆ ಕಂದಾಗಿ ಪೇಪರಿಗೆ ಅಂಟಿಕೊಂಡಿತ್ತು. ಬಿಳಿ ಬಣ್ಣ ಅನ್ನುವ ಗುರುತು ಹರ್ಬೇರಿಯಂ ಹಾಳೆಯ ಮೇಲೆ ಉಳಿಯುವುದೇ ಇಲ್ಲ. ತೊಟ್ಟಿನ ಹಲ್ಲು ಮಾತ್ರ ಚೊಕ್ಕವಾಗಿ ಉಳಿದಿತ್ತು.

ಗಿಡವನ್ನು ಇಷ್ಟು ಹತ್ತಿರದಿಂದ ನೋಡುತ್ತಿರುವಾಗ ಕೇಳದೇ ಕಂಡ ಸಂಗತಿಯೂ ಒಂದಿದೆ. ಬುಡದಿಂದ ಎದ್ದ ಹೊಸ ಕಾಂಡ ಸ್ವಲ್ಪ ಎತ್ತರದವರೆಗೆ ಕವಲೊಡೆಯದೆ ನೆಟ್ಟಗೆ ಹೋಗುತ್ತದೆ, ಆಮೇಲೆ ಇಂಗ್ಲಿಷಿನ ವೈ ಅಕ್ಷರದಂತೆ ಎರಡಾಗುತ್ತದೆ. ಹೂವು ಬರುವುದು ಆ ಕವಲಿನಿಂದ ಮೇಲೆ ಮಾತ್ರ. ಕವಲಿನ ಕೆಳಗಿನ ಎಲೆಯ ಬುಡ ಎರಡೂ ಪಕ್ಕ ಸಮ. ಮೇಲಿನ ಎಲೆಯಲ್ಲಿ ಒಂದು ಪಕ್ಕ ತೊಟ್ಟಿನ ಮೇಲೆ ಸ್ವಲ್ಪ ಕೆಳಗಿಳಿದು ಸೇರುತ್ತದೆ, ಇನ್ನೊಂದು ಪಕ್ಕ ಮೇಲೇ ನಿಲ್ಲುತ್ತದೆ. ಬಲ್ಲವರು ಕೊಂಬೆ ನೆಡುವಾಗ ಈ ಓರೆ ಬುಡದ ಎಲೆ ನೋಡಿ ಮೇಲಿನ ಭಾಗ ಆರಿಸುತ್ತಾರಂತೆ, ಬೇಗ ಹೂವು ಬರುತ್ತದೆ. ಅಜ್ಜಿಯ ಮಾವನಿಗೆ ಇದು ಗೊತ್ತಿತ್ತೋ ಏನೋ.

ಕಾಯಿ ಯಾಕಿಲ್ಲ ಅನ್ನುವುದಕ್ಕೂ ಅಲ್ಲೇ ಉತ್ತರ ಇದೆ. ಸುವಾವಿಯೋಲೆನ್ಸ್‌ಗೆ ತನ್ನದೇ ಪರಾಗ ಆಗಿಬರುವುದಿಲ್ಲ, ಬೀಜ ಕಟ್ಟಬೇಕಾದರೆ ಬೇರೆ ಗಿಡದ ಪರಾಗ ಬೇಕು. ಒಂದೇ ಗಿಡದಿಂದ ಕೊಂಬೆ ಮುರಿದು ಮುರಿದು ಹಂಚಿದರೆ ಬೀದಿಯುದ್ದಕ್ಕೆ ಇದ್ದರೂ ಅದು ಒಂದೇ ಗಿಡ. ನಮ್ಮ ರಸ್ತೆಯಲ್ಲಿ ಇನ್ನೂ ಎರಡು ಮನೆಯಲ್ಲಿದೆ, ಎರಡೂ ಇಲ್ಲಿಂದಲೇ ಹೋದದ್ದೆಂದು ಅಜ್ಜಿ ಹೇಳುತ್ತಾರೆ. ಆ ಮನೆಗಳಲ್ಲೂ ಕಾಯಿ ಇಲ್ಲ.

ಇದರ ತವರು ಆಗ್ನೇಯ ಬ್ರೆಜಿಲ್‌ನ ಕರಾವಳಿ ಕಾಡು. ಮಳೆ, ತೇವ, ಹದವಾದ ಚಳಿ. ಕೊಡಗು, ನೀಲಗಿರಿಯಲ್ಲಿ ಇದು ಇಷ್ಟು ಸಲೀಸಾಗಿ ಬೆಳೆಯುವುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯ ಇರುವುದು ಬೇರೆ ಕಡೆ. ಅಳಿವಿನಂಚಿನ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಬ್ರಗ್ಮಾನ್ಸಿಯಾ ಸುವಾವಿಯೋಲೆನ್ಸ್ ಸ್ವಾಭಾವಿಕ ನೆಲೆಯಲ್ಲಿ ಅಳಿದುಹೋದ ಗಿಡ. ಇದೊಂದೇ ಅಲ್ಲ, ಅದರ ಸೋದರ ಪ್ರಭೇದಗಳೂ ಅದೇ ಪಟ್ಟಿಯಲ್ಲಿವೆ. ಜಗತ್ತಿನಲ್ಲಿ ಉಳಿದಿರುವುದೆಲ್ಲ ಜನರ ಹಿತ್ತಲಲ್ಲಿ, ಅಥವಾ ಹಿತ್ತಲಿನಿಂದ ತಪ್ಪಿಸಿಕೊಂಡು ಹಳ್ಳದ ದಂಡೆ ಸೇರಿದ್ದು. ಇದರ ಬೀಜ ಹೊತ್ತು ಹರಡುತ್ತಿದ್ದ ಯಾವುದೋ ಪ್ರಾಣಿ ಬಹಳ ಹಿಂದೆಯೇ ನಾಶವಾಗಿರಬೇಕು ಅನ್ನುವುದು ಒಂದು ಊಹೆ. ನಮ್ಮ ಬಚ್ಚಲ ನೀರು ಕುಡಿದು ಬೆಳೆದದ್ದಕ್ಕೆ ಈ ಪಟ್ಟ ಇದೆ ಎಂದು ಮಾಲೀಕರಿಗೆ ಹೇಳಿದೆ. ‘ಹಾಗಾದ್ರೆ ಬಾಡಿಗೆ ಜಾಸ್ತಿ ಮಾಡ್ಬಹುದು’ ಎಂದು ನಕ್ಕರು.

ವಿಷದ ವಿಚಾರಕ್ಕೆ ಬಂದರೆ ಇದು ಉಮ್ಮತ್ತಿಗೆ ಎಲ್ಲೂ ಕಡಿಮೆಯಿಲ್ಲ. ಸ್ಕೋಪೋಲಮೈನ್, ಹಯೋಸಯಮೈನ್, ಅಟ್ರೋಪಿನ್. ಎಲೆ, ಹೂವು, ಬೀಜ, ಬೇರು ಎಲ್ಲದರಲ್ಲೂ ಇವೆ. ಹೊಟ್ಟೆಗೆ ಹೋದರೆ ಬಾಯಿ ಒಣಗುತ್ತದೆ, ಎದೆ ಬಡಿತ ಏರುತ್ತದೆ, ಇಲ್ಲದ್ದು ಕಾಣುತ್ತದೆ, ಹೆಚ್ಚಾದರೆ ಜೀವಕ್ಕೇ ಅಪಾಯ. ಗಿಡ ಸವರಿದ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಆ ಕಣ್ಣಿನ ಪಾಪೆ ಹಿಗ್ಗಿ ಗಂಟೆಗಟ್ಟಲೆ ಮಂಜಾಗುತ್ತದೆ. ಕಣ್ಣಿನ ಡಾಕ್ಟರು ಪಾಪೆ ಹಿಗ್ಗಿಸಲು ಹಾಕುವ ಅಟ್ರೋಪಿನ್ ಹನಿಯೂ ಇದೇ ವಸ್ತುವಿನದ್ದು. ‘ಒಣಗಿದ ಎಲೆ ಸೇದಿದರೆ ಉಬ್ಬಸ ಹೋಗುತ್ತದೆ’ ಅನ್ನುವ ಮಾತು ಉಮ್ಮತ್ತಿಯ ಬಗ್ಗೆ ನಮ್ಮ ಕಡೆ ಇದೆ, ಹಿಂದೆ ಹಾಗೆ ಸೇದುತ್ತಿದ್ದದ್ದೂ ನಿಜ. ಒಂದು ಎಲೆಯಲ್ಲಿ ಎಷ್ಟು ವಿಷ ಇದೆ ಎಂದು ಕಣ್ಣಳತೆಯಲ್ಲಿ ಹೇಳಲು ಯಾರಿಗೂ ಆಗುವುದಿಲ್ಲ, ಹಾಗಾಗಿ ಆ ವೈದ್ಯ ಬೇಡ.

ಗಿಡ ಕಡಿದುಹಾಕಿ ಎಂದು ಇಬ್ಬರು ಸಲಹೆ ಕೊಟ್ಟರು. ನನಗೆ ಒಪ್ಪಿಗೆಯಾಗಲಿಲ್ಲ, ಅಜ್ಜಿಗಂತೂ ಆಗಲೇ ಇಲ್ಲ. ಕಣಗಿಲೆ ಇಲ್ಲದ ಬೀದಿ ನಮ್ಮಲ್ಲಿ ಯಾವುದಿದೆ? ಅದೂ ವಿಷವೇ. ಬಚ್ಚಲ ಹಿಂದಕ್ಕೆ ಬಿದಿರಿನ ತಡಿಕೆ ಕಟ್ಟಿಸಿ, ಉದುರಿದ ಹೂವನ್ನು ದಿನಾ ಬೆಳಿಗ್ಗೆ ಗುಡಿಸಿ ತೆಗೆಯುವುದೆಂದು ತೀರ್ಮಾನವಾಯಿತು. ಪಕ್ಕದ ಮನೆ ಹುಡುಗನಿಗೆ ಸಂತೆಯಲ್ಲಿ ಒಂದು ಪೀಪಿ ಕೊಡಿಸಿದೆ. ಅದರ ಸದ್ದಿಗೆ ಈಗ ಇಡೀ ವಠಾರ ನನ್ನನ್ನು ಬೈಯುತ್ತದೆ.

ಅಮ್ಮನ ತಕರಾರು ಮಾತ್ರ ಉಳಿದಿತ್ತು. ‘ಉಮ್ಮತ್ತಿಯೂ ವಿಷ ಅಂತೀಯ, ಅದನ್ನ ಶಿವನಿಗೆ ಏರಿಸ್ತೀವಿ. ಇದನ್ನ್ಯಾಕೆ ಏರಿಸಬಾರದು?’ ಏರಿಸಬಾರದು ಎಂದು ನಾನೆಲ್ಲಿ ಹೇಳಿದೆ? ಹೂವು ಮುಟ್ಟಿದ ಕೈ ತೊಳೆದುಕೊಂಡು ಆಮೇಲೆ ತೀರ್ಥ, ಪ್ರಸಾದ ಕೊಡಿ ಎಂದೆ. ಸೋಮವಾರ ಹಾಗೇ ಮಾಡಿದರು. ಹೂವು ಲಿಂಗಕ್ಕಿಂತ ದೊಡ್ಡದಾಗಿ ಪೂಜೆಯ ತಟ್ಟೆಯನ್ನೆಲ್ಲ ಆಕ್ರಮಿಸಿತು.

ಬೇಸಿಗೆಗೆ ಮುಂಚೆ ಗಿಡ ಸವರುವುದು ಈ ಮನೆಯ ರೂಢಿ. ಇಷ್ಟು ವರ್ಷ ಸವರಿದ ಕೊಂಬೆ ಒಣಗಿಸಿ ಬಚ್ಚಲ ಒಲೆಗೆ ಹಾಕುತ್ತಿದ್ದರಂತೆ. ಹೊಗೆಯಲ್ಲೂ ವಿಷ ಬರುತ್ತದೆ ಎಂದು ಹೇಳಿದ ಮೇಲೆ ಮಾಲೀಕರು ಅದನ್ನು ನಿಲ್ಲಿಸಿದರು, ‘ಹೇಗೂ ಬೆಂಡು ಕೊಂಬೆ, ಕಾವೇ ಇರ್ತಿರಲಿಲ್ಲ’ ಎಂದರು. ದನದ ಕೊಟ್ಟಿಗೆಯ ಕಡೆಗೂ ಹಾಕದೆ ಮೂಲೆಯಲ್ಲಿ ಗುಂಡಿ ತೋಡಿ ಮುಚ್ಚಿದೆವು. ಸವರುತ್ತಿದ್ದಾಗ ಪಕ್ಕದ ಮನೆಯ ಅಕ್ಕ ಬೇಲಿಯಾಚೆ ನಿಂತು ನೋಡುತ್ತಿದ್ದರು. ಓರೆ ಬುಡದ ಎಲೆ ಇದ್ದ ಒಳ್ಳೆಯ ಕೊಂಬೆಯೊಂದನ್ನು ತೋರಿಸಿ ಬೇಕಾ ಎಂದು ಕೇಳಿದೆ. ‘ಈಗ ಬೇಡ. ಇವನು ಹೈಸ್ಕೂಲಿಗೆ ಹೋಗ್ಲಿ, ಆಮೇಲೆ ಕೊಡಿ’ ಎಂದರು.